ಲಿಂಗಸುಗೂರಿನಿಂದ ಸಿಂಧನೂರಿನವರೆಗೆ: ಲಕ್ವ ಹೊಡೆದ ಮನೆಗಳ ಕುರಿತು ಒಂದು ಪತ್ರ

ಸಿಂಧನೂರು

ತೀರ್ಥರೂಪ ಕಾಕಾ ಅವರಿಗೆ,

ಜೇವರ್ಗಿಯಿಂದ ಚಾಮರಾಜನಗರದ ಕಡೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯು ರಾಯಚೂರು ಜಿಲ್ಲೆಯೊಳಗೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದರ ಹಿಂದೊಂದು ಮುಟ್ಟುತ್ತದೆ. ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚಿನ ಈ ಅಂತರದಲ್ಲಿ ನೆಲವೇ ಬದಲಾಗುತ್ತದೆ: ತೊಗರಿ, ಸಜ್ಜೆ, ಹತ್ತಿಯ ಮಳೆಯಾಶ್ರಿತ ಹೊಲಗಳು ಹಿಂದೆ ಸರಿದು, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಎದುರಾಗುತ್ತವೆ. ಹುಬ್ಬಳ್ಳಿಯ ಮನೆಯಲ್ಲಿ ಕಾಕು ಅವರು ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಈ ದಿನಗಳಲ್ಲಿ, ಈ ದಾರಿಯ ಪ್ರವಾಸದಲ್ಲಿ ಕೋಟೆ ಶಾಸನಗಳಿಗಿಂತ ಪಡಸಾಲೆಯ ಹೊರಸುಗಳೇ ಹೆಚ್ಚು ಕಣ್ಣಿಗೆ ಬಿದ್ದದ್ದು ಸಹಜವೇ ಆದ್ದರಿಂದ, ಈ ಪತ್ರವೂ ಬಹುಮಟ್ಟಿಗೆ ಆ ಹೊರಸುಗಳ ಸುತ್ತಲಿನವರ ಕುರಿತೇ ಇದೆ.

ಪಾರ್ಶ್ವವಾಯು, ಈ ಭಾಗದ ಮಾತಿನಲ್ಲಿ ಲಕ್ವ, ಕೈಕಾಲಿನ ರೋಗದಂತೆ ತೋರಿದರೂ ಬಹುತೇಕ ಮಿದುಳಿನದು. ಮಿದುಳಿಗೆ ರಕ್ತ ಒಯ್ಯುವ ನಾಳವು ಹೆಪ್ಪಿನಿಂದ ಮುಚ್ಚಿದಾಗ, ಇಲ್ಲವೇ ಒಡೆದು ರಕ್ತ ಸೋರಿದಾಗ, ಮಿದುಳಿನ ಆ ಭಾಗ ಆಳುತ್ತಿದ್ದ ಅಂಗ ಶಕ್ತಿ ಕಳೆದುಕೊಳ್ಳುತ್ತದೆ. ನರಗಳು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಅಡ್ಡಹಾಯುವುದರಿಂದ, ಎಡ ಮಿದುಳಿಗೆ ಪೆಟ್ಟಾದರೆ ಮೈಯ ಬಲಭಾಗ ಸೋಲುತ್ತದೆ, ಹಲವರಲ್ಲಿ ಮಾತೂ ಅದರೊಂದಿಗೆ ಹೋಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಆಗಿರುವುದು ರಕ್ತಸ್ರಾವವಲ್ಲವೆಂದು ತಿಳಿದುಕೊಳ್ಳಬೇಕು, ಏಕೆಂದರೆ ರಕ್ತ ಸೋರುತ್ತಿರುವವರಿಗೆ ಅದೇ ಮದ್ದು ಪ್ರಾಣಕ್ಕೆ ಎರವಾಗುತ್ತದೆ. 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇರುವ ರಾಯಚೂರು ಲಿಂಗಸುಗೂರಿನಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿದೆ. 108 ಆಂಬುಲೆನ್ಸ್ ಸೇವೆ 2008ರಿಂದ ಇದ್ದರೂ, ಹೊಲದಲ್ಲಿ ಬಿದ್ದವರನ್ನು ಊರಿಗೆ ತಂದು, ಹಿರಿಯರು ಸೇರಿ ಎಲ್ಲಿಗೆ ಒಯ್ಯಬೇಕೆಂದು ತೀರ್ಮಾನಿಸುವಷ್ಟರಲ್ಲಿ ಆ ಹೊತ್ತು ಮೀರಿಬಿಡುತ್ತದೆ. ನಾಟಿ ಔಷಧ ಕೊಡುವವರ ಕಡೆಗೆ, ಪಾರಿವಾಳದ ರಕ್ತ ಹಚ್ಚುವವರ ಕಡೆಗೆ ಮೊದಲು ಹೋಗುವವರೂ ಇದ್ದಾರೆ. ಅದರಿಂದ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಕಳೆದ ಗಂಟೆಗಳು ಮರಳುವುದೂ ಇಲ್ಲ. ಆದರೂ ದೂರದ ಆಸ್ಪತ್ರೆಯ ಖರ್ಚಿಗೆ ಅಂಜಿ, ಹತ್ತಿರದಲ್ಲಿ ಧೈರ್ಯ ಹೇಳಿದವರನ್ನು ನಂಬಿದ ಜನರನ್ನು ಮೂಢರೆಂದು ಕರೆಯುವುದು ಅನ್ಯಾಯ.

ಲಿಂಗಸುಗೂರು ಒಂದು ಕಾಲಕ್ಕೆ ದಂಡು ಬೀಡುಬಿಟ್ಟಿದ್ದ ಊರು. ನಿಜಾಮರ ಆಳ್ವಿಕೆಯಲ್ಲಿ 1905ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. ಇದೇ ತಾಲ್ಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ಚಿನ್ನ ತೆಗೆಯಲಾಗುತ್ತದೆ. ಹೀಗಿದ್ದೂ ಸುತ್ತಲಿನ ಹಳ್ಳಿಗಳಿಂದ ಗುಳೆ ಹೋಗುವುದು, ಅಂದರೆ ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಂಗಳೂರಿನಂಥ ನಗರಗಳಿಗೆ ಕಟ್ಟಡ ಕೆಲಸಕ್ಕೆ ಸಂಸಾರಸಮೇತ ತೆರಳುವುದು, ನಿಂತಿಲ್ಲ. ಅಂಥ ಮನೆಯಲ್ಲಿ ಲಕ್ವ ಹೊಡೆದಾಗ ಒಬ್ಬರ ದುಡಿಮೆ ರೋಗಕ್ಕೆ ಹೋದರೆ ಇನ್ನೊಬ್ಬರ ದುಡಿಮೆ ಆರೈಕೆಗೆ ಹೋಗುತ್ತದೆ. ಹಿಂದೆ ಉಳಿಯುವವರು ಬಹುತೇಕ ಹೆಂಡತಿ, ಸೊಸೆ, ಕೆಲವೊಮ್ಮೆ ಶಾಲೆ ಬಿಟ್ಟ ಮಗಳು. ದೀರ್ಘ ಚೇತರಿಕೆ ಎಂಬುದರ ಬೆಲೆ ಮೊದಲು ಬೀಳುವುದು ಇವರ ಮೇಲೆ.

ಮನೆಯವರಿಗೇ ವ್ಯಾಯಾಮ ಕಲಿಸಿ ಕಳುಹಿಸಿದರೆ ತಜ್ಞರ ಕೊರತೆ ನೀಗೀತೇ ಎಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿಯೇ ಒರೆಗೆ ಹಚ್ಚಲಾಗಿದೆ. ‘ಅಟೆಂಡ್’ ಎಂಬ ಆ ಅಧ್ಯಯನದಲ್ಲಿ ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಒಂದು ಗುಂಪಿನ ಕುಟುಂಬದವರಿಗೆ ಕೂರಿಸುವುದು, ನಿಲ್ಲಿಸುವುದು, ದಿನದ ಕೆಲಸ ಮಾಡಿಸುವುದನ್ನು ಹೇಳಿಕೊಡಲಾಯಿತು, ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮುಂದುವರಿಯಿತು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾದಾಗ, ಆರು ತಿಂಗಳ ಕೊನೆಗೆ ತೀರಿಕೊಂಡವರು ಮತ್ತು ಪರಾಧೀನರಾಗಿ ಉಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇ 47 ಇತ್ತು. ಕುಟುಂಬದ ಆರೈಕೆ ವ್ಯರ್ಥವೆಂದು ಇದರಿಂದ ಹೇಳಲಾಗದು. ಎರಡೂ ಗುಂಪಿನವರನ್ನು ಎಬ್ಬಿಸಿ, ಉಣಿಸಿ, ತೊಳೆದವರು ಮನೆಯವರೇ. ತಜ್ಞರ ಕೆಲಸವನ್ನು ಮನೆಯವರ ಹೆಗಲಿಗೆ ದಾಟಿಸಿದ ಮಾತ್ರಕ್ಕೆ ಹೆಚ್ಚಿನ ಗುಣ ಕಾಣಲಿಲ್ಲ ಎಂಬುದಷ್ಟೇ ಇದರ ಅರ್ಥ. ಇಷ್ಟು ಮಾಡಿದರೂ ಕಾಲು ಏಕೆ ಏಳುತ್ತಿಲ್ಲ ಎಂದು ರಾತ್ರಿ ನಿದ್ದೆಗೆಡುವ ಕಾಕಾ ಅವರಂಥವರಿಗೆ ಈ ಸಂಖ್ಯೆ ತಿಳಿದಿರಬೇಕು: ಏಳದ ಕಾಲಿಗೆ ಕಾರಣ ಬಹುಮಟ್ಟಿಗೆ ಪೆಟ್ಟಿನ ಆಳವೇ ಹೊರತು ಆರೈಕೆಯ ಕೊರತೆಯಲ್ಲ.

ಹಾಗಾದರೆ ಮನೆಯವರ ಕೈಯಲ್ಲಿ ಇರುವುದೇನು? ಉಳಿದದ್ದನ್ನು ಕಾಯುವುದು. ಮಸ್ಕಿಯ ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ಹೊಸ್ತಿಲು ಎತ್ತರ, ಒಳಮನೆಗೆ ಬೆಳಕು ಕಡಿಮೆ, ಶೌಚಕ್ಕೆ ಕುಕ್ಕರಗಾಲಲ್ಲಿ ಕೂರಬೇಕು. ಸೋತ ಕಾಲಿನವರಿಗೆ ಇವು ಮೂರೂ ಅಡ್ಡಿ. ಗೋಡೆಗೆ ಹಿಡಿದು ನಡೆಯಲು ಒಂದು ಬಿದಿರಿನ ಗಳ, ನಡುವೆ ತೂತು ಕೊರೆದ ಒಂದು ಕುರ್ಚಿ, ಹೊಸ್ತಿಲ ಎರಡೂ ಬದಿಗೆ ಇಳಿಜಾರಾಗಿ ಮೆತ್ತಿದ ಮಣ್ಣು, ಇಷ್ಟರಿಂದಲೇ ಎಷ್ಟೋ ಬೀಳುವಿಕೆಗಳು ತಪ್ಪುತ್ತವೆ. ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯುವುದು ಎಲ್ಲೆಡೆ ಕಾಣುವ ರೂಢಿ. ಭುಜದ ಸ್ನಾಯು ಸಡಿಲಾಗಿರುವುದರಿಂದ ಹಾಗೆ ಎಳೆದರೆ ಕೀಲು ಜಾರುತ್ತದೆ, ಆ ನೋವಿಗೆ ಅಂಜಿ ರೋಗಿಯು ಕೈಯನ್ನು ಅಲುಗಿಸುವುದನ್ನೇ ಬಿಡುತ್ತಾನೆ, ಅಲುಗದ ಕೈ ಸೆಟೆದು ಮಡಿಚಿಕೊಳ್ಳುತ್ತದೆ. ತಾನಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ ಒತ್ತುಹುಣ್ಣುಗಳು ಏಳುತ್ತವೆ. ನುಂಗುವ ಶಕ್ತಿ ಕುಂದಿದವರಿಗೆ ಗಟ್ಟಿ ರೊಟ್ಟಿಯಷ್ಟೇ ತೆಳು ನೀರೂ ಅಪಾಯ, ಏಕೆಂದರೆ ಅದು ಸರಕ್ಕನೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಮಾಡುತ್ತದೆ. ವೈದ್ಯರು ನುಂಗುವಿಕೆಯನ್ನು ಪರೀಕ್ಷಿಸಿದ ಮೇಲೆ, ನೇರವಾಗಿ ಕೂರಿಸಿ ಚಮಚ ಚಮಚವಾಗಿ ಉಣಿಸುವ ಮೆದುವಾದ ನುಚ್ಚು, ಮಂದವಾದ ಜೋಳದ ಅಂಬಲಿ ಅಂಥವರಿಗೆ ಹೆಚ್ಚು ಹೊಂದಬಹುದು. ಇವೆಲ್ಲಕ್ಕಿಂತ ಮಿಗಿಲಾದದ್ದು ಬಿ.ಪಿ. ಗುಳಿಗೆ. ತಲೆನೋವಿಲ್ಲ, ಈಗ ಆರಾಮಿದ್ದಾರೆ ಎಂದು ಅದನ್ನು ನಿಲ್ಲಿಸಿದ ಮನೆಗೆ ಎರಡನೆಯ ಹೊಡೆತ ಸುಲಭವಾಗಿ ಬರುತ್ತದೆ, ಅದು ಮೊದಲನೆಯದಕ್ಕಿಂತ ಕ್ರೂರವಾಗಿರುವುದೂ ಉಂಟು. ಚೇತರಿಕೆ ಮೊದಲ ಮೂರು ತಿಂಗಳಲ್ಲಿ ವೇಗವಾಗಿದ್ದು ಆರು ತಿಂಗಳ ನಂತರ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆದರೆ ನಿಧಾನವಾದ ಆ ಹೊತ್ತಿನಲ್ಲಿಯೇ ಮನಸ್ಸು ಕುಸಿಯುತ್ತದೆ. ಪಾರ್ಶ್ವವಾಯು ಬಂದವರಲ್ಲಿ ಸುಮಾರು ಮೂವರಿಗೊಬ್ಬರಂತೆ ಖಿನ್ನತೆಗೆ ಒಳಗಾಗುತ್ತಾರೆ. ಊಟ ಬೇಡವೆನ್ನುವುದನ್ನು, ಗೋಡೆಯ ಕಡೆ ಮುಖ ತಿರುಗಿಸಿ ಮಲಗುವುದನ್ನು ಹಟವೆಂದು ಗದರಿಸದೆ ಚಿಕಿತ್ಸೆ ಬೇಡುವ ಲಕ್ಷಣವೆಂದು ಕಾಣಬೇಕು.

ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಪತ್ತೆಹಚ್ಚಿದ ಶಾಸನದಿಂದಲೇ ಶಾಸನಗಳ ದೇವಾನಾಂಪ್ರಿಯನೆಂಬ ಅರಸ ಅಶೋಕನೇ ಎಂಬುದು ಖಚಿತವಾಯಿತು ಎಂಬುದು ಕಾಕಾ ಅವರಿಗೆ ಗೊತ್ತಿರುವ ಸಂಗತಿ. ಅದೇ ಅರಸನ, ಬೇರೆಡೆ ದೊರೆತಿರುವ, ಎರಡನೆಯ ಬೃಹತ್ ಶಿಲಾಶಾಸನವು ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿ, ಔಷಧಿ ಸಸ್ಯಗಳಿಲ್ಲದ ಕಡೆ ಅವನ್ನು ತರಿಸಿ ನೆಡಿಸಿದ್ದನ್ನು ಹೇಳುತ್ತದೆ. ಇಲ್ಲದ ಊರಿಗೆ ತರಿಸುವುದು ಆಳುವವರ ಕೆಲಸವೆಂಬ ತಿಳಿವಳಿಕೆ ಅಷ್ಟು ಹಳೆಯದು.

ಆರೈಕೆಯನ್ನು ಮನೆಯ ನಾಲ್ಕು ಗೋಡೆಗಳಾಚೆಗೆ ಹಂಚಿಕೊಂಡ ಒಂದು ಉದಾಹರಣೆ ಇಂಗ್ಲೆಂಡಿನಲ್ಲಿದೆ. ಅಮೆರಿಕದ ನಟಿ ಪೆಟ್ರೀಷಿಯಾ ನೀಲ್ 1965ರಲ್ಲಿ ಗರ್ಭಿಣಿಯಾಗಿದ್ದಾಗ ಮಿದುಳಿನ ರಕ್ತಸ್ರಾವಕ್ಕೆ ಗುರಿಯಾಗಿ ವಾರಗಟ್ಟಲೆ ಎಚ್ಚರ ತಪ್ಪಿದ್ದರು. ಎದ್ದಾಗ ಬಲಭಾಗ ಸೋತಿತ್ತು, ಮಾತು ಹೋಗಿತ್ತು. ಆಕೆಯ ಪತಿ, ಲೇಖಕ ರೋಲ್ಡ್ ಡಾಲ್, ಗ್ರೇಟ್ ಮಿಸೆಂಡೆನ್ ಎಂಬ ತಮ್ಮ ಹಳ್ಳಿಯ ನೆರೆಹೊರೆಯವರನ್ನು ಒಟ್ಟುಗೂಡಿಸಿ, ಅವರು ಸರದಿಯಂತೆ ಬಂದು ಆಕೆಗೆ ಓದು, ಮಾತು, ಲೆಕ್ಕ ಕಲಿಸುವಂತೆ ಮಾಡಿದರು. 1968ರಲ್ಲಿ ಆಕೆ ಮತ್ತೆ ಚಲನಚಿತ್ರದಲ್ಲಿ ನಟಿಸಿದರು. ನೆರೆಯವರಲ್ಲಿ ಒಬ್ಬರಾದ ವ್ಯಾಲರಿ ಈಟನ್ ಗ್ರಿಫಿತ್ ಆ ಕ್ರಮವನ್ನು ಇತರ ಕುಟುಂಬಗಳಿಗಾಗಿ ಪುಸ್ತಕವಾಗಿ ಬರೆದರು. ಡಾಲ್ ಅವರ ಕಟ್ಟುನಿಟ್ಟು ಒಮ್ಮೊಮ್ಮೆ ಕಠೋರವಾಗಿತ್ತೆಂಬ ಮಾತಿದೆ, ಅದನ್ನು ಅನುಕರಿಸಬೇಕಿಲ್ಲ. ಅನುಕರಿಸಬೇಕಾದದ್ದು ಸರದಿಯನ್ನು. ಸಂಜೆ ಕಟ್ಟೆಯ ಮೇಲೆ ಹತ್ತು ಜನ ಕೂರುವ ಓಣಿಗಳಲ್ಲಿ ಅದು ಕಷ್ಟವಲ್ಲ, ಯಾರಾದರೂ ಬಾಯಿಬಿಟ್ಟು ಕೇಳಬೇಕು ಅಷ್ಟೆ.

ಸಿಂಧನೂರಿನಲ್ಲಿ ಈ ವಿಚಾರಕ್ಕೆ ಇನ್ನೊಂದು ಮುಖವಿದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು, ಕಾಲುವೆ ಬಂದ ಮೇಲೆ ಭತ್ತ ಬೆಳೆಯಲು ಆಂಧ್ರದಿಂದ ಬಂದವರ ಕ್ಯಾಂಪುಗಳು, ಕನ್ನಡ ಮತ್ತು ಉರ್ದು ಮಾತನಾಡುವ ಹಳೆಯ ಓಣಿಗಳು ಇಲ್ಲಿ ಅಕ್ಕಪಕ್ಕದಲ್ಲಿವೆ, ಮತ್ತು ಎರಡು ಮೂರು ಭಾಷೆ ಬಲ್ಲವರೇ ಹೆಚ್ಚು. ಅಫೇಸಿಯಾ, ಅಂದರೆ ಬುದ್ಧಿ ನೆಟ್ಟಗಿದ್ದೂ ಮಾತಿನ ಶಕ್ತಿ ಕೆಡುವ ಸ್ಥಿತಿ, ಇಂಥವರಿಗೆ ಬಂದಾಗ ಯಾವ ಭಾಷೆ ಮೊದಲು ಮರಳುತ್ತದೆ ಎಂಬುದು ಹಳೆಯ ಚರ್ಚೆ: ಮೊದಲು ಕಲಿತದ್ದೆಂದು ಫ್ರಾನ್ಸಿನ ರಿಬೋ ಹೇಳಿದರೆ, ಪೆಟ್ಟಿಗೆ ಮುನ್ನ ಹೆಚ್ಚು ಬಳಕೆಯಲ್ಲಿದ್ದದ್ದೆಂದು ಪಿತ್ರ್ 1895ರಲ್ಲಿ ವಾದಿಸಿದರು, ಅನುಭವದಲ್ಲಿ ಎರಡೂ ಕಂಡುಬಂದಿವೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿಗೆ ಬಲು ದೂರ; ಕ್ಯಾಂಪಿನ ಅಜ್ಜಿಗೆ ಬಂಗಾಳಿಯಲ್ಲಿ ಮಾತು ತಿದ್ದುವವರು ಮೊಮ್ಮಕ್ಕಳಲ್ಲದೆ ಬೇರೆ ಯಾರೂ ಸಿಗುವುದು ಕಷ್ಟ. ತಮ್ಮ ಹೆಸರನ್ನೂ ಹೇಳಲಾರದವರು ಬಾಯಿಪಾಠವಿದ್ದ ಭಜನೆಯನ್ನು ಪದಸಹಿತ ಹಾಡುವುದುಂಟು. ಅಷ್ಟರಿಂದ ಮಾತು ಮರಳಿತೆಂದು ತಿಳಿಯಬಾರದು, ಆದರೆ ಹಾಡಿದವರ ಮುಖದಲ್ಲಿ ಮೂಡುವ ಧೈರ್ಯವನ್ನು ಕಡೆಗಣಿಸಲೂಬಾರದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವವರಿಗೆ ಪ್ರಮಾಣಪತ್ರವೂ ಸೌಲಭ್ಯವೂ ದೊರೆಯಬೇಕು; ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಇರುವುದು ಅರ್ಜಿ ಹಾಕಿಸುವಂಥ ಕೆಲಸಗಳಿಗೇ. ಆದರೂ ಎಡದಂಡೆ ಕಾಲುವೆಯ ಕೊನೆಭಾಗದ ಹೊಲಕ್ಕೆ ನೀರು ತಲುಪುವಂತೆ, ಈ ಸೌಲಭ್ಯಗಳು ದೂರದ ಹಳ್ಳಿಗೆ ತಡವಾಗಿ, ತೆಳುವಾಗಿ ಬರುತ್ತವೆ. ಫಿಜಿಯೋಥೆರಪಿ, ಅಂದರೆ ಅಂಗಗಳಿಗೆ ಶಾಸ್ತ್ರೀಯವಾಗಿ ಚಲನೆ ಕಲಿಸುವ ಚಿಕಿತ್ಸೆ, ಹಳ್ಳಿಯ ಹೊರಸಿನವರೆಗೆ ಬರುವಂತಾದರೆ ಮಾತ್ರ ಮನೆಯವರ ಶ್ರಮಕ್ಕೆ ಜೊತೆ ಸಿಗುತ್ತದೆ.

ಕಾಕು ಅವರ ಪ್ರಮಾಣಪತ್ರದ ಅರ್ಜಿಯನ್ನು ಇನ್ನು ಮುಂದೂಡುವುದು ಬೇಡ. ಎಬ್ಬಿಸುವಾಗ ಬಲಗೈಯನ್ನು ಎಳೆಯದೆ ಸೊಂಟಕ್ಕೆ ಆಸರೆ ಕೊಡುವಂತೆ ಮನೆಯ ಎಲ್ಲರಿಗೂ ತಿಳಿಸಬೇಕು. ಸಿಂಧನೂರಿಗೆ 2024ರಿಂದ ರೈಲು ಬಂದಿರುವುದರಿಂದ ಹುಬ್ಬಳ್ಳಿಗೆ ಮರಳುವುದು ಸುಲಭವಾಗಿದೆ. ಪತ್ರದ ಹಿಂದೆಯೇ ಬರುವುದೆಂದು ನಿಶ್ಚಯವಾಗಿದೆ. ಬಂದಂದಿನಿಂದ ರಾತ್ರಿಯ ಪಾಳಿಯನ್ನು ಈ ಅಣ್ಣನ ಮಗನಿಗೆ ಬಿಟ್ಟುಕೊಟ್ಟು ಕಾಕಾ ಅವರು ನಿದ್ದೆ ಮಾಡಬೇಕು.

ಇಂತಿ, ತಮ್ಮ ಆಶೀರ್ವಾದ ಬೇಡುವ,
ಅಣ್ಣನ ಮಗ