ಬದುವಿನ ಹಸುರು

ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಪಶ್ಚಿಮಘಟ್ಟದ ಕಾಡುಗಳಲ್ಲಿ ಅಲೆದು ಬರೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ಕೃತಿ. ಆ ಕಾಡುಸಂಚಾರದಲ್ಲಿ ಜೊತೆಗಿರುವ ಭಾಗ್ಯ ಕೆಲವರದು. ಓದುವ ಭಾಗ್ಯ ಎಲ್ಲರದು. ಕಲಬುರಗಿಯ ಶಿಕ್ಷಕಿಯೊಬ್ಬರು ರಜೆಯಲ್ಲಿ ಕಮಲಾಪುರದ ತವರಿಗೆ ಹೋದಾಗ ಅದನ್ನು ಮನೆಮಂದಿಗೆ ಓದಿ ಹೇಳಿದರು.

ಕೆಂಪು ಬಾಳೆ ಬೆಳೆಯುತ್ತ ಮುಪ್ಪಾದ ತಂದೆ ಎಲ್ಲವನ್ನೂ ಆಲಿಸಿ, “ನಮ್ಮ ಹೊಲದ ಬದುವಿನ ಗಿಡಗಳ ಹೆಸರು ಯಾರು ಬರೀತಾರವ್ವಾ?” ಎಂದರು. ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುವ ಮಗಳಲ್ಲಿ ಉತ್ತರವಿರಲಿಲ್ಲ.

ಮರುದಿನ ಮುಂಜಾನೆ ಇಬ್ಬರೂ ಬದುವಿನ ಮೇಲೆ ನಡೆದರು; ತಂದೆ ಹೆಸರು ಹೇಳಿದರು, ಮಗಳು ಬರೆದುಕೊಂಡರು. ಕೆಲವು ಗಿಡಗಳ ಮುಂದೆ ಮಾತ್ರ ತಂದೆ ನಿಂತುಬಿಟ್ಟರು: “ಇದು ನಮ್ಮವ್ವಗ ಗೊತ್ತಿತ್ತು.”

ಆ ಸಾಲುಗಳು ಹೊತ್ತಗೆಯಲ್ಲಿ ಬರಿದಾಗಿಯೇ ಉಳಿದಿವೆ.