ಹೆದರ್ ಗುಡ್ಡದಲ್ಲಿ ಅಪ್ಪನ ಜೊತೆ ಎರಡು ದಿನ

‘ಇದನ್ನ ನೋಡೋಕೆ ಅಷ್ಟು ದೂರದಿಂದ ಕರ್ಕೊಂಡು ಬಂದ್ಯಾ ಮಾರಾಯ್ತಿ? ಒಂದು ಮರ ಇಲ್ವಲ್ಲ!’

ಡಂಕರಿ ಗೇಟ್ ಹತ್ತಿರ ಕಾರು ನಿಲ್ಲಿಸಿ ಇಳಿದ ಕೂಡಲೇ ಅಪ್ಪ ಹೇಳಿದ ಮೊದಲ ಮಾತು. ಸುಳ್ಳೇನಲ್ಲ. ಕಣ್ಣು ಹಾಯುವವರೆಗೂ ಬೋಳು ಗುಡ್ಡ, ಮೊಣಕಾಲೆತ್ತರದ ಕುರುಚಲು ಗಿಡ, ಮುಖಕ್ಕೆ ರಾಚುವ ಗಾಳಿ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಸಾಮರ್‌ಸೆಟ್ ಮತ್ತು ಡೆವನ್ ಎರಡೂ ಕೌಂಟಿಗಳಲ್ಲಿ ಹರಡಿಕೊಂಡಿರುವ ಎಕ್ಸ್‌ಮೂರ್ ಇದು. ಸಮುದ್ರದ ಅಂಚಿನವರೆಗೂ ಬಂದು, ಅಲ್ಲಿಂದ ಒಮ್ಮೆಲೇ ಕೆಳಗೆ ಬೀಳುವ ಎತ್ತರದ ಬಯಲು. ಸುಮಾರು 690 ಚದರ ಕಿ.ಮೀ. ಜಾಗ 1954ರಿಂದ ರಾಷ್ಟ್ರೀಯ ಉದ್ಯಾನ.

ನಾನು ಕೆಲಸ ಮಾಡೋದು ಬ್ರಿಸ್ಟಲ್‌ನಲ್ಲಿ. ಅಲ್ಲಿಂದ ಇಲ್ಲಿಗೆ ಕಾರಲ್ಲಿ ಎರಡು ಗಂಟೆ ಚಿಲ್ಲರೆ. ಅಪ್ಪನನ್ನು ಕರೆಸಿಕೊಂಡಿದ್ದು ಬೇಕಂತಲೇ ಆಗಸ್ಟ್‌ನಲ್ಲಿ. ‘ಮಳೆಗಾಲದಲ್ಲಿ ತೋಟ ಬಿಟ್ಟು ಯಾರು ಬರ್ತಾರೆ’ ಅಂತ ಅವರು ಎರಡು ವರ್ಷ ಮುಂದೂಡಿದ್ದರು. ನನಗೆ ಬೇಕಾಗಿದ್ದೇ ಅದು, ಮಳೆಗಾಲದಲ್ಲಿ ಅವರು ಅಲ್ಲಿ ಇರಬಾರದು ಅನ್ನೋದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡಗಳು ಕುಸಿದಾಗ ನಮ್ಮ ತೋಟದ ಮೇಲ್ಭಾಗವೂ ಜಾರಿ ಬಂತು. ಅರ್ಧ ಎಕರೆ ಕಾಫಿ, ಪಂಪ್‌ಶೆಡ್ ಹೋಯ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ಪ್ರತಿ ಆಗಸ್ಟ್‌ನಲ್ಲೂ ಅಪ್ಪ ರಾತ್ರಿ ಮಲಗೋದಿಲ್ಲ, ಜಗಲಿಯಲ್ಲಿ ಟಾರ್ಚ್ ಹಿಡ್ಕೊಂಡು ಕೂತಿರ್ತಾರೆ ಅಂತ ಅಮ್ಮ ಫೋನಲ್ಲಿ ಹೇಳ್ತಿದ್ದಳು. ಕೇಳಿದರೆ ‘ಸೆಖೆ’ ಅಂತಾರಂತೆ. ಮಲೆನಾಡಿನ ಆಗಸ್ಟ್‌ನಲ್ಲಿ ಸೆಖೆ! ಅಜ್ಜಿಯನ್ನು ಬಿಟ್ಟು ಅಮ್ಮ ಬರೋ ಹಾಗಿರಲಿಲ್ಲ. ಹಾಗಾಗಿ ಒಬ್ಬರಿಗೇ ಟಿಕೆಟ್ ಕಳಿಸಿದೆ.

ಡಂಕರಿ ಬೀಕನ್ ಎಕ್ಸ್‌ಮೂರ್‌ನ ಅತಿ ಎತ್ತರದ ಜಾಗ, 519 ಮೀಟರ್. ನಮ್ಮ ಕುದುರೆಮುಖದ ಮುಂದೆ ಇದು ಮರಿ ಗುಡ್ಡ. ಗೇಟ್‌ನಿಂದ ಅರ್ಧ ಗಂಟೆ ನಡೆದರೆ ತುದಿ. ಹೊರಡೋ ಮೊದಲು ಅಪ್ಪ ತಾವಾಗೇ ಪ್ಯಾಂಟಿನ ಕಾಲನ್ನು ಸಾಕ್ಸ್ ಒಳಗೆ ತುರುಕಿಕೊಂಡರು. ‘ದನ, ಕುರಿ ಓಡಾಡೋ ಜಾಗ, ಉಣುಗು ಇರದೇ ಇರುತ್ತಾ?’ ಮಂಗನ ಕಾಯಿಲೆ ಕಂಡ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿಯ ಉಣುಗುಗಳಿಂದಲೂ ಲೈಮ್ ಅನ್ನೋ ಕಾಯಿಲೆ ಬರುತ್ತೆ. ನೀವು ಹೋದರೂ ಹಾಗೇ ಮಾಡಿ, ಚಂದ ಕಾಣದಿದ್ದರೆ ಅಷ್ಟೇ ಹೋಯ್ತು.

ಆಗಸ್ಟ್‌ನಲ್ಲಿ ಗುಡ್ಡ ಪೂರ್ತಿ ನೇರಳೆ ಬಣ್ಣಕ್ಕೆ ತಿರುಗಿರುತ್ತೆ. ಮಧ್ಯೆ ಮಧ್ಯೆ ಹಳದಿ ಹೂವಿನ, ಮುಟ್ಟಿದರೆ ಚುಚ್ಚುವ ಗೋರ್ಸ್ ಪೊದೆಗಳು.

‘ಈ ನೇರಳೆ ಹೂವಿನ ಗಿಡದ ಹೆಸರೆಂಥ?’

‘ಹೆದರ್.’

‘ಹೆದರೋದ್ಯಾಕೆ?’

ಅಲ್ಲಿಂದ ಮುಂದೆ ಎರಡು ದಿನವೂ ಅದು ‘ಹೆದರ್ ಗುಡ್ಡ’ವೇ. ಹೆದರ್ ಬುಡದಲ್ಲಿ ವರ್ಟಲ್‌ಬೆರಿ ಅನ್ನುವ ಪುಟ್ಟ ಕಪ್ಪು ಹಣ್ಣು ಸಿಗುತ್ತೆ. ನಾಲಿಗೆಯೆಲ್ಲ ನೇರಳೆಹಣ್ಣು ತಿಂದ ಹಾಗಾಗುತ್ತೆ. ನಾಲ್ಕೈದು ಎಕ್ಸ್‌ಮೂರ್ ಕುದುರೆಗಳು ದಾರಿಗಡ್ಡ ನಿಂತಿದ್ದವು. ಗಿಡ್ಡ, ಕಂದು ಮೈ, ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗೆ ಬಿಳಿಚಿದ ಮೂತಿ. ನಮಗೆ ದಾರಿ ಬಿಡಬೇಕು ಅಂತ ಅವಕ್ಕೆ ಅನಿಸಲೇ ಇಲ್ಲ. ನಾವೇ ಸುತ್ತು ಹಾಕಿದೆವು.

ಹಾಗೆ ಸುತ್ತು ಹಾಕುವಾಗ ನಾನು ದಾರಿ ಬಿಟ್ಟು ಒಂದು ಹಚ್ಚಹಸಿರು ಜಾಗದ ಮೇಲೆ ಕಾಲಿಡಲು ಹೋದೆ. ಅಪ್ಪ ಜಾಕೆಟ್ ಹಿಡಿದು ಹಿಂದಕ್ಕೆ ಎಳೆದರು. ಕೋಲು ಊರಿದರೆ ಅರ್ಧ ಕೋಲು ಒಳಗೆ! ಹಾವಸೆ ತುಂಬಿದ ಜೌಗು. ‘ಸುತ್ತಲೂ ಒಣಗಿರುವಾಗ ಒಂದೇ ಕಡೆ ಅಷ್ಟು ಹಸಿರು ಯಾಕಿದೆ ಅಂತ ಕೇಳ್ಕೊಬೇಕು ಪುಟ್ಟಿ.’ ಇಲ್ಲಿನ ಕೊಳೆತ ಗಿಡಗಳ ಕಪ್ಪು ಮಣ್ಣಿಗೆ ಪೀಟ್ ಅಂತಾರೆ. ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಜಾನ್ ನೈಟ್ ಎಂಬ ಶ್ರೀಮಂತ ಇಲ್ಲಿನ ಭೂಮಿ ಕೊಂಡು, ಜೌಗು ಒಣಗಿಸಿ ಬೇಸಾಯ ಮಾಡಲು ಹೊರಟ. ಹಿಂದೆ ತೋಡಿದ ಕಾಲುವೆಗಳನ್ನು ಈಗ ಒಂದೊಂದಾಗಿ ಮುಚ್ಚಿ, ನೀರು ನಿಲ್ಲಲು ಬಿಡುತ್ತಿದ್ದಾರೆ. ಇದನ್ನು ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಂಡಿ ನೋಡಿದರು.

ಮರ ಯಾಕಿಲ್ಲ ಅನ್ನೋದಕ್ಕೂ ಉತ್ತರ ಇದೆ. ಕುದುರೆಮುಖದ ಶೋಲಾ ಹುಲ್ಲುಗಾವಲು ನಿಸರ್ಗವೇ ಮಾಡಿದ್ದು. ಇದು ಬಹುಪಾಲು ಮನುಷ್ಯರು ಮಾಡಿದ್ದು. ಸಾವಿರಾರು ವರ್ಷಗಳ ಹಿಂದೆ ಕಾಡು ಕಡಿದರು, ಆಮೇಲೆ ಕುರಿ-ದನ ಮೇಯಿಸಿದರು, ಈಗಲೂ ಚಳಿಗಾಲದ ಕೊನೆಗೆ ಕೆಲವು ಕಡೆ ಹದವಾಗಿ ಬೆಂಕಿ ಕೊಡ್ತಾರೆ. ಅದಕ್ಕೆ ಇಲ್ಲಿಯವರು ‘ಸ್ವೇಲಿಂಗ್’ ಅನ್ನುತ್ತಾರೆ. ತುದಿಯ ಕಲ್ಲುಗುಪ್ಪೆಯ ಹತ್ತಿರ ನಿಂತರೆ ಉತ್ತರಕ್ಕೆ ಬ್ರಿಸ್ಟಲ್ ಕಾಲುವೆ, ಅದರಾಚೆ ವೇಲ್ಸ್. ಐದು ನಿಮಿಷಕ್ಕೆ ಮಂಜು ಬಂದು ಎರಡನ್ನೂ ನುಂಗಿತು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಕಾಗದದ ಮ್ಯಾಪ್ ತಂದಿದ್ದಕ್ಕೆ ಬಚಾವ್. ಒಎಲ್ 9 ಅನ್ನೋ ಆರ್ಡ್‌ನೆನ್ಸ್ ಸರ್ವೆ ಮ್ಯಾಪ್ ತಗೊಳ್ಳಿ, ಇಡೀ ಎಕ್ಸ್‌ಮೂರ್ ಅದರಲ್ಲಿದೆ.

ಮಾರನೇ ದಿನ ಲಿನ್‌ಮತ್. ಈಸ್ಟ್ ಲಿನ್, ವೆಸ್ಟ್ ಲಿನ್ ಎಂಬ ಎರಡು ಹೊಳೆಗಳು ಈ ಗುಡ್ಡಗಳಿಂದ ಓಡಿ ಬಂದು ಸಮುದ್ರ ಸೇರುವ ಪುಟಾಣಿ ಊರು. ನೆತ್ತಿಯ ಮೇಲೆ ಇನ್ನೊಂದು ಊರು, ಲಿಂಟನ್. ಎರಡರ ಮಧ್ಯೆ 1890ರಿಂದ ಓಡುತ್ತಿರುವ ಕ್ಲಿಫ್ ರೈಲು. ಇದಕ್ಕೆ ಎಂಜಿನ್ ಇಲ್ಲ! ಎರಡು ಡಬ್ಬಿ, ನಡುವೆ ಹಗ್ಗ. ಮೇಲಿನ ಡಬ್ಬಿಯ ಟ್ಯಾಂಕಿಗೆ ವೆಸ್ಟ್ ಲಿನ್ ಹೊಳೆಯ ನೀರು ತುಂಬಿಸುತ್ತಾರೆ, ಅದರ ಭಾರಕ್ಕೆ ಅದು ಇಳಿಯುತ್ತೆ, ಕೆಳಗಿನದು ಏರುತ್ತೆ. ಕೆಳಗೆ ಮುಟ್ಟಿದ ಮೇಲೆ ನೀರು ಹೊರಗೆ. ‘ಏತದ ಹಾಗೆ’ ಅಂದರು ಅಪ್ಪ. ಮೂರು ಸಲ ಹತ್ತಿ ಇಳಿದೆವು.

ಲಿಂಟನ್‌ನಿಂದ ನಾರ್ತ್ ವಾಕ್ ಎಂಬ ದಾರಿ ಸಮುದ್ರದ ಬಂಡೆಯ ಎದೆಯ ಮೇಲೇ ಹೋಗುತ್ತೆ. ಒಂದು ಪಕ್ಕ ಗೋಡೆ ಹಾಗೆ ಗುಡ್ಡ, ಇನ್ನೊಂದು ಪಕ್ಕ ಕೆಳಗೆ ನೀರು. ದಾರಿ ಚೆನ್ನಾಗಿದೆ, ಮಂಡಿ ನೋವಿನವರೂ ನಿಧಾನಕ್ಕೆ ನಡೀಬಹುದು. ಕೊನೆಗೆ ಸಿಗೋದು ವ್ಯಾಲಿ ಆಫ್ ರಾಕ್ಸ್. ಸಮುದ್ರಕ್ಕೆ ಸಮಾನಾಂತರವಾಗಿರೋ, ಹೊಳೆಯೇ ಇಲ್ಲದ ಒಣ ಕಣಿವೆ. ಯಾರೋ ಅಟ್ಟಿ ಇಟ್ಟಂಥ ಬಂಡೆಗಳು. ಅವುಗಳ ತುದಿಯಲ್ಲಿ, ನೋಡಿದರೆ ನಮಗೇ ತಲೆ ತಿರುಗುವ ಜಾಗದಲ್ಲಿ, ಕಾಡು ಆಡುಗಳು ಮೆಲುಕು ಹಾಕುತ್ತಾ ಕೂತಿದ್ದವು.

ಮಧ್ಯಾಹ್ನ ಮತ್ತೆ ಕೆಳಗಿಳಿದು ಈಸ್ಟ್ ಲಿನ್ ದಂಡೆ ಹಿಡಿದು ವಾಟರ್ಸ್‌ಮೀಟ್ ಕಡೆ ನಡೆದೆವು. ಎರಡು ಹೊಳೆ ಸೇರುವ ಜಾಗ ಅದು, ಟೀ ಸಿಗುತ್ತೆ. ಓಕ್ ಕಾಡು, ಜರೀಗಿಡ, ತಂಪು. ಬಯಲಲ್ಲಿ ಕಾಣದ ಮರಗಳೆಲ್ಲ ಇಲ್ಲಿ ಅಡಗಿ ಕೂತಿದ್ದವು. ಊರು ನೆನಪಾಗದೇ ಇರೋದು ಕಷ್ಟ. ಆದರೆ ಅಪ್ಪ ಅರ್ಧ ದಾರಿಯಲ್ಲೇ ನಿಂತರು. ಹೊಳೆಯಲ್ಲಿ ಪಾದ ಮುಳುಗುವಷ್ಟು ನೀರು, ಮಧ್ಯೆ ಆನೆ ಗಾತ್ರದ ಕಲ್ಲುಗಳು.

‘ಈ ಕಲ್ಲು ಈ ನೀರು ತಂದಿದ್ದಲ್ಲ. ಇಲ್ಲಿ ಏನಾಗಿತ್ತು?’

ನಾನು ಹೇಳಬಾರದು ಅಂದ್ಕೊಂಡಿದ್ದೆ. ಹೇಳಿದೆ. 1952ರ ಆಗಸ್ಟ್ 15ರ ರಾತ್ರಿ. ಮೊದಲೇ ನೆನೆದು ತುಂಬಿದ್ದ ಎಕ್ಸ್‌ಮೂರ್ ಮೇಲೆ 24 ಗಂಟೆಯಲ್ಲಿ ಸುಮಾರು 9 ಇಂಚು ಮಳೆ. ಸ್ಪಂಜಿಗೆ ಇನ್ನು ಹೀರಲು ಆಗಲಿಲ್ಲ. ಮರ, ಬಂಡೆಗಳು ಸೇತುವೆಗಳಿಗೆ ಸಿಕ್ಕಿಕೊಂಡು ಅಣೆಕಟ್ಟಿನ ಹಾಗೆ ನಿಂತು, ಒಡೆದು ಊರಿನ ಮೇಲೆ ಬಿದ್ದವು. 34 ಜನ ಸತ್ತರು.

ಅಪ್ಪ ವಾಪಸ್ ತಿರುಗಿದರು. ಟೀ ಕುಡಿಯಲಿಲ್ಲ. ಊರಿನಲ್ಲಿರುವ ಪ್ರವಾಹ ಸ್ಮಾರಕ ಭವನಕ್ಕೆ ಹೋದೆವು. ಮಳೆಗೆ ಮೊದಲು ಊರು ಹೇಗಿತ್ತು ಅಂತ ಅಲ್ಲೊಂದು ಮಾದರಿ ಮಾಡಿಟ್ಟಿದ್ದಾರೆ. ಕಟ್ಟಡಗಳಿಗೆ ಜಾಗ ಬೇಕು ಅಂತ ವೆಸ್ಟ್ ಲಿನ್ ಹೊಳೆಯನ್ನು ಕಿರಿದಾದ ಮೋರಿಯೊಳಗೆ ತಿರುಗಿಸಿದ್ದರು. ಆ ರಾತ್ರಿ ಮೋರಿ ಕಟ್ಟಿಕೊಂಡು ಹೊಳೆ ತನ್ನ ಹಳೇ ದಾರಿಯಲ್ಲೇ, ಮನೆಗಳ ನಡುವೆ ಬಂತು. ಅಪ್ಪ ಆ ಮಾದರಿಯ ಮುಂದೆ ಬಹಳ ಹೊತ್ತು ನಿಂತರು.

ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಅಂದರು, ‘ಒಂಬತ್ತು ಇಂಚು ನಮ್ಮಲ್ಲೂ ಬಂದದ್ದುಂಟು. ಮಳೆಯದ್ದಲ್ಲ ತಪ್ಪು.’

ಸ್ವಲ್ಪ ಹೊತ್ತು ಬಿಟ್ಟು, ‘ಪಿಕಪ್ ಹೋಗ್ಲಿ ಅಂತ ಜೆಸಿಬಿ ತರಿಸಿ ಗುಡ್ಡದ ಬುಡ ಕಡಿಸಿದ್ದು ನಾನೇ ಅಲ್ವಾ. ನಿಮ್ಮಮ್ಮ ಬೇಡ ಅಂದಿದ್ಳು. ಕೆಳಗೆ ಲೈನ್‌ಮನೆ ಇತ್ತು. ಅವತ್ತು ಅವರೆಲ್ಲ ಊರಿಗೆ ಹೋಗಿದ್ರು, ಅಷ್ಟೇ.’

ಇಷ್ಟು ವರ್ಷದಲ್ಲಿ ಈ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ‘ನಿಮ್ಮ ತಪ್ಪಲ್ಲ ಅಪ್ಪ’ ಅನ್ನೋದು ಬಾಯಿಗೆ ಬಂತು, ಹೇಳಲಿಲ್ಲ. ಅವರು ಕೇಳಿದ್ದು ಅದನ್ನಲ್ಲ. ಎದ್ದು ಹೋಗಿ ಎರಡು ಪೊಟ್ಟಣ ಚಿಪ್ಸ್ ತಂದೆ. ಒಂದು ಕಡಲಕ್ಕಿ ಬಂದು ಅವರ ಕೈಯಿಂದಲೇ ಒಂದನ್ನು ಕಿತ್ತುಕೊಂಡು ಹೋಯ್ತು.

ಸಂಜೆ ಐದಕ್ಕೆ, ಅಲ್ಲಿ ಒಂಬತ್ತೂವರೆ, ಅಮ್ಮನಿಗೆ ಫೋನ್ ಮಾಡಿದರು. ದಿನಾ ಕೇಳುವ ಪ್ರಶ್ನೆಯೇ ಮೊದಲು, ‘ಇವತ್ತು ಎಷ್ಟು ಇಂಚು?’

‘ಮೂರೂವರೆ.’

‘ಹ್ಞೂಂ. ಮೇಲಿನ ಆ ಜಾಗಕ್ಕೆ ಸಸಿ ಹಾಕೋದು ಬೇಡ. ಇನ್ನೊಂದು ರಸ್ತೆನೂ ಬೇಡ. ಜೆಸಿಬಿಯವನಿಗೆ ಬರೋದು ಬೇಡ ಅಂತ ಹೇಳು. ಅದು ಕಾಡಾಗ್ಲಿ, ಬಿಟ್ಬಿಡು.’

ಆ ಕಡೆಯಿಂದ ಅಮ್ಮ ಏನಂದಳೋ ಗೊತ್ತಿಲ್ಲ, ಅಪ್ಪ ನಕ್ಕರು. ಫೋನ್ ಇಟ್ಟು ನನ್ನ ಕಡೆ ತಿರುಗಿ, ‘ನಾಳೆ ವಾಪಸ್ ಹೋಗುವಾಗ ಆ ಹೆದರ್ ಗುಡ್ಡಕ್ಕೆ ಇನ್ನೊಂದ್ಸಲ ಹೋಗಣ. ಹಣ್ಣು ಕೊಯ್ಯೋಕೆ ಒಂದು ಡಬ್ಬಿ ತಗೋ’ ಅಂದರು.