ನವಿಲಿನ ಕುತ್ತಿಗೆಯ ಗೆರೆ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಮೈಸೂರಿಗೆ ಬಂದಾಗ ಅವಳನ್ನು ಅರಮನೆ ನೋಡಲು ಕರೆದುಕೊಂಡು ಹೋಗಿದ್ದೆ. ಆರನೇ ಕ್ಲಾಸು ಮುಗಿಸಿದ ಹುಡುಗಿ. ಕಲ್ಯಾಣ ಮಂಟಪಕ್ಕೆ ಬಂದು ತಲೆ ಎತ್ತಿದವಳು ಇಳಿಸಲೇ ಇಲ್ಲ. ಚಾವಣಿಯಲ್ಲಿ ಬಣ್ಣದ ಗಾಜಿನ ನವಿಲುಗಳು!

"ತಾತ, ಅಷ್ಟು ಎತ್ತರದಲ್ಲಿ ಬಣ್ಣ ಹೇಗೆ ಬಳಿದರು?"

ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು, ಈಗಿನದು 1912ರಲ್ಲಿ ಮುಗಿದದ್ದು, ಈ ಮಂಟಪದ ಕಬ್ಬಿಣದ ಕಂಬಗಳು ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ ಬಂದದ್ದು, ಎಲ್ಲ ಹೇಳಿದೆ. ಕೇಳಿದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಬಡಾವಣೆಯಲ್ಲೇ. ಒಬ್ಬ ಮೇಡಂ ತಮ್ಮ ಮನೆಯ ಗ್ಯಾರೇಜಿನಲ್ಲಿ ಸ್ಟೇನ್ಡ್ ಗ್ಲಾಸ್ ಕಲಿಸುತ್ತಿದ್ದರು. ಶನಿವಾರ, ಭಾನುವಾರ, ಒಟ್ಟು ಆರು ವಾರ. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕೆಂಬ ನಿಯಮ. "ಸುಮ್ಮನೆ ಕೂರುವ ಬದಲು ನೀವೂ ಕಲಿಯಿರಿ ಸರ್" ಎಂದರು. ಹೀಗೆ ಎಪ್ಪತ್ತು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾದೆ.

ಮೊದಲ ದಿನವೇ ಗೊತ್ತಾಯಿತು, ಅಲ್ಲಿ ಬಣ್ಣ ಬಳಿಯುವ ಕೆಲಸವೇ ಇಲ್ಲ. ಗಾಜು ಕರಗಿರುವಾಗಲೇ ಬಣ್ಣ ಅದರೊಳಗೆ ಸೇರಿರುತ್ತದೆ. ಕೋಬಾಲ್ಟ್ ಸೇರಿಸಿದರೆ ನೀಲಿ, ಮ್ಯಾಂಗನೀಸ್ ಸೇರಿಸಿದರೆ ನೇರಳೆ. ಚೂರೇ ಚೂರು ಚಿನ್ನ ಸೇರಿಸಿದರೆ ಮಾಣಿಕ್ಯದ ಕೆಂಪು. "ಇದನ್ನು ಅಜ್ಜಿಗೆ ಹೇಳಬೇಡಿ ತಾತ, ಬಳೆ ಬಚ್ಚಿಡುತ್ತಾರೆ" ಎಂದು ಮೊಮ್ಮಗಳು ಪಿಸುಗುಟ್ಟಿದಳು.

ನಾವು ಆರು ಜನ. ನಿವೃತ್ತ ಟೀಚರೊಬ್ಬರು ದಾಸವಾಳ ಆರಿಸಿಕೊಂಡರು. ಹೈಸ್ಕೂಲಿನ ಹುಡುಗನೊಬ್ಬ ಗಾಳಿಪಟ, ಅವನ ತಾಯಿ ಮಾವಿನಹಣ್ಣು. ಕಾಲೇಜು ಹುಡುಗಿಯೊಬ್ಬಳು ದೀಪದ ಬುಡ್ಡಿಗೇ ಕೈ ಹಾಕಿದಳು. ಮೊಮ್ಮಗಳದು ನವಿಲು, ಬೇರೆ ಮಾತೇ ಇಲ್ಲ. ನಾನು ಕಮಲ ಕೇಳಿದೆ. ಮೇಡಂ ನನ್ನ ಕೈಬೆರಳ ನಡುಕ ನೋಡಿ, "ಮೊದಲು ನಾಲ್ಕು ಚೌಕ ಜೋಡಿಸಿ ಸರ್" ಎಂದರು.

ಮಕ್ಕಳೇ, ಗಾಜನ್ನು ಯಾರೂ ಬಟ್ಟೆಯ ಹಾಗೆ ಕತ್ತರಿಸುವುದಿಲ್ಲ. ಪುಟ್ಟ ಚಕ್ರವಿರುವ ಕಟರ್‌ನಿಂದ ಗೀರಿ, ಆ ಗೀರಿನ ಗುಂಟ ಎರಡೂ ಕೈಯಿಂದ ಬಗ್ಗಿಸಿ ಮುರಿಯುತ್ತಾರೆ. ಗೀರುವುದು ಒಂದೇ ಸಲ, ಅದೇ ಗೆರೆಯ ಮೇಲೆ ಮತ್ತೆ ಗೀರುವಂತಿಲ್ಲ. ಮುರಿದ ಅಂಚನ್ನು ನೀರು ಚಿಮುಕಿಸುವ ಗ್ರೈಂಡರಿನಲ್ಲಿ ಉಜ್ಜಿ ನುಣುಪು ಮಾಡಬೇಕು. ಆಮೇಲೆ ಪ್ರತಿ ತುಂಡಿನ ಅಂಚಿಗೂ ತಾಮ್ರದ ಪಟ್ಟಿ ಸುತ್ತಬೇಕು. ಕಾರಣ, ಬೆಸುಗೆಯ ತವರ-ಸೀಸ ಗಾಜಿಗೆ ಅಂಟುವುದಿಲ್ಲ, ತಾಮ್ರಕ್ಕೆ ಅಂಟುತ್ತದೆ. ಸೀಸವಿರುವುದರಿಂದ ಅಲ್ಲಿ ತಿಂಡಿ ತಿನ್ನುವಂತಿಲ್ಲ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಮೂರನೇ ವಾರದ ಹೊತ್ತಿಗೆ ದಾಸವಾಳ ಅರಳಿತ್ತು. ಗಾಳಿಪಟಕ್ಕೆ ಬಾಲವೊಂದೇ ಬಾಕಿ. ದೀಪದ ಬುಡ್ಡಿಯ ಹುಡುಗಿ ಮಾತ್ರ ಹನ್ನೆರಡು ತುಂಡು ಒಡೆದು, ಹದಿಮೂರನೆಯದನ್ನು ನಗುತ್ತಲೇ ಗೀರುತ್ತಿದ್ದಳು. ನನ್ನ ನಾಲ್ಕು ಚೌಕಗಳು ನಾಲ್ಕು ದಿಕ್ಕಿಗೆ ಮುಖ ಮಾಡಿದ್ದವು. ನವಿಲಿಗೆ ಇಪ್ಪತ್ತಾರು ತುಂಡು. ಎಲ್ಲ ಸಿದ್ಧವಾಗಿ, ನಂಬರ್ ಬರೆದ ಕಾಗದದ ಮೇಲೆ ಸಾಲಾಗಿ ಮಲಗಿದ್ದವು. ಅದರ ನೀಲಿ ಕುತ್ತಿಗೆಯ ಬಾಗಿದ ತುಂಡಿಗೇ ಅವಳು ಎರಡು ದಿನ ಕಷ್ಟಪಟ್ಟಿದ್ದಳು.

ನಾಲ್ಕನೇ ಶನಿವಾರ ಅವಳು ನೀರು ಕುಡಿಯಲು ಒಳಗೆ ಹೋದಾಗ ನನ್ನ ಕಣ್ಣಿಗೆ ಆ ಕುತ್ತಿಗೆಯ ಅಂಚು ಗೆರೆಯಿಂದ ಒಂದಿಷ್ಟು ಹೊರಗೆ ಬಂದಂತೆ ಕಂಡಿತು. ನಲವತ್ತು ವರ್ಷ ಲೆಡ್ಜರ್ ನೋಡಿದ ಕಣ್ಣು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸುವುದಿಲ್ಲ. ಸ್ವಲ್ಪ ಉಜ್ಜಿಬಿಡೋಣವೆಂದು ತುಂಡನ್ನು ಗ್ರೈಂಡರಿಗೆ ಒತ್ತಿದೆ. ಚಟ್ ಎಂದಿತು. ಎರಡು ಹೋಳು.

ಸುತ್ತ ನೋಡಿದೆ. ಯಾರೂ ಗಮನಿಸಿರಲಿಲ್ಲ. ಹೋಳುಗಳನ್ನು ಒರೆಸಿ, ಒಂದಕ್ಕೊಂದು ಕೂಡಿಸಿ, ಮೊದಲಿದ್ದ ಜಾಗದಲ್ಲೇ ಇಟ್ಟುಬಿಟ್ಟೆ.

ಅವಳು ಬಂದು ಕುತ್ತಿಗೆ ಎತ್ತಿದಾಗ ಅರ್ಧವೇ ಕೈಗೆ ಬಂತು. "ನಾನು ಗೀರಿದ್ದೇ ಸರಿಯಿರಲಿಲ್ಲ ಅನಿಸುತ್ತೆ" ಎಂದು ತುಟಿ ಕಚ್ಚಿದಳು. ಆ ನೀಲಿಯ ಹಾಳೆ ಮುಗಿದಿತ್ತು. ಕೈಯಿಂದ ಮಾಡಿದ ಗಾಜು, ಒಂದು ಹಾಳೆಯ ಬಣ್ಣ ಇನ್ನೊಂದಕ್ಕೆ ಬರುವುದಿಲ್ಲ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಿನಲ್ಲಿ ಸಂಜೆ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ತಾಳೆಯಾಗುವ ತನಕ ಮನೆಗೆ ಹೊರಡುತ್ತಿರಲಿಲ್ಲ. ಈಗ ನನ್ನ ತಪ್ಪನ್ನು ಹನ್ನೊಂದು ವರ್ಷದ ಮಗುವಿನ ಖಾತೆಗೆ ಬರೆದು ಆರಾಮವಾಗಿ ಮಲಗಿದ್ದೆ.

ಬೆಳಿಗ್ಗೆ ಅವಳು ಹಾಲಿನ ಲೋಟ ಹಿಡಿದು ಕೂತಿದ್ದಾಗ ಹೇಳಿದೆ. "ಪುಟ್ಟಿ, ನಿನ್ನ ನವಿಲಿನ ಕುತ್ತಿಗೆ ಮುರಿದದ್ದು ನಾನು. ನಿನ್ನನ್ನು ಕೇಳದೆ ಉಜ್ಜಲು ಹೋದೆ. ಆಮೇಲೆ ಬಚ್ಚಿಟ್ಟೆ."

ಲೋಟ ಕೆಳಗಿಟ್ಟಳು. "ಮುರಿದದ್ದು ಪರವಾಗಿಲ್ಲ. ನಾನು ಅಳುವಾಗ ನೀವು ಪಕ್ಕದಲ್ಲೇ ಇದ್ದಿರಲ್ಲ?" ಎಂದಳು. ಅದಕ್ಕೆ ಏನು ಹೇಳಲಿ?

ಅಂದು ಕ್ಲಾಸಿನಲ್ಲಿ ಮೇಡಂಗೂ ನಾನೇ ಹೇಳಿದೆ. ಅವರು ಹೋಳುಗಳನ್ನು ಬೆಳಕಿಗೆ ಹಿಡಿದರು. "ಹಳೆಯ ಚರ್ಚುಗಳ ಕಿಟಕಿಯಲ್ಲಿ ಗಾಜು ಬಿರುಕು ಬಿಟ್ಟರೆ, ಆ ಬಿರುಕಿನ ಗುಂಟವೇ ಸೀಸದ ಪಟ್ಟಿ ಕೂರಿಸಿ ಉಳಿಸಿಕೊಳ್ಳುತ್ತಿದ್ದರು. ನಾವೂ ಎರಡೂ ಹೋಳಿಗೆ ತಾಮ್ರ ಸುತ್ತಿ ಬೆಸೆಯೋಣ. ಆದರೆ ಅಲ್ಲೊಂದು ಗೆರೆ ಉಳಿಯುತ್ತದೆ. ಆಗಬಹುದಾ?" ಎಂದು ಮೊಮ್ಮಗಳನ್ನು ಕೇಳಿದರು.

ಅವಳು ನನ್ನ ಕಡೆ ತಿರುಗಿದಳು. "ತಾತ, ಲೆಡ್ಜರಿನಲ್ಲಿ ತಪ್ಪಾದರೆ ಏನು ಮಾಡುತ್ತಿದ್ದಿರಿ?"

"ಅಳಿಸುವ ಹಾಗಿಲ್ಲ, ಕೆರೆಯುವ ಹಾಗಿಲ್ಲ. ಕೆಳಗಿನ ಅಂಕಿ ಕಾಣುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು."

"ಹಾಗಾದರೆ ಗೆರೆ ಇರಲಿ ಮೇಡಂ" ಎಂದಳು.

ಆರನೇ ವಾರ ಎಲ್ಲರ ಕೆಲಸವನ್ನೂ ಕಿಟಕಿಗೆ ತೂಗುಹಾಕಿದೆವು. ದಾಸವಾಳ, ಗಾಳಿಪಟ, ಮಾವಿನಹಣ್ಣು. ದೀಪದ ಬುಡ್ಡಿ ಅರ್ಧಕ್ಕೇ ನಿಂತಿತ್ತು, ಆದರೂ ಆ ಹುಡುಗಿ ಒಳಗೊಂದು ಬಲ್ಬು ಹಿಡಿದು ಎಲ್ಲರಿಗೂ ತೋರಿಸಿದಳು. ನನ್ನ ಚೌಕಗಳು ಹೇಗೋ ಒಂದಾಗಿದ್ದವು.

ನವಿಲು ಈಗ ನಮ್ಮ ಹಜಾರದ ಪೂರ್ವದ ಕಿಟಕಿಯಲ್ಲಿದೆ. ಬೆಳಗಿನ ಬಿಸಿಲಿಗೆ ನೆಲದ ಮೇಲೆ ನೀಲಿ ಬೀಳುತ್ತದೆ, ಅದರ ನಡುವೆ ಸಣ್ಣ ಕಪ್ಪು ಗೆರೆ. ಬಂದವರು ಕೊರಳ ಸರವೆಂದುಕೊಳ್ಳುತ್ತಾರೆ. ಊರಿಗೆ ಹೊರಡುವ ಮುನ್ನ ಮೊಮ್ಮಗಳು ಅದನ್ನು ತಿರುಗಿಸಿ ಹಿಡಿದು ಮಾರ್ಕರ್ ಕೊಟ್ಟಳು. "ಸಹಿ ಹಾಕಿ ತಾತ."

ಗೆರೆಯ ಪಕ್ಕದಲ್ಲಿ ಹಾಕಿದೆ. ಅವಳು ಪರೀಕ್ಷಿಸಿ ನೋಡಿ, ಮ್ಯಾನೇಜರ್ ಹಾಗೆ ಗಂಭೀರವಾಗಿ ಕೆಳಗೆ ತನ್ನ ಸಹಿಯನ್ನೂ ಹಾಕಿದಳು.